ಕಣ್ಣಿನ ನರ ಮತ್ತು ಬೆನ್ನುಹುರಿಯ ಅಪರೂಪದ ಉರಿಯೂತ: ಔಷಧಿಯ ಗುಣ ತಿಳಿಯುವುದು ಹೇಗೆ?



ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ ಇವುಗಳ ಹೆಸರು ಮಾಯಕೊಂಡದ ಸುತ್ತಮುತ್ತ ಯಾವ ಹಳ್ಳಿಗೆ ಹೋದರೂ ಎಲ್ಲರಿಗೂ ಗೊತ್ತು. ಆದರೆ ಕೆಲವು ಕಾಯಿಲೆಗಳು ಇಡೀ ತಾಲ್ಲೂಕಿನಲ್ಲಿ ಹತ್ತಿಪ್ಪತ್ತು ಜನರಿಗೆ ಬಂದರೆ ಹೆಚ್ಚು. ಅಂಥ ಕಾಯಿಲೆ ಬಂದವರು ವೈದ್ಯರನ್ನು ಕೇಳುವ ಒಂದು ಪ್ರಶ್ನೆ ಇದೆ: "ಇದೇ ಕಾಯಿಲೆಯ ಇನ್ನೊಬ್ಬರನ್ನು ನಾವು ನೋಡೇ ಇಲ್ಲ. ಹಾಗಿರುವಾಗ ಈ ಮಾತ್ರೆಯಿಂದ ಗುಣ ಕಾಣುತ್ತದೆಂದು ನಿಮಗೆ ಹೇಗೆ ಗೊತ್ತು ಸಾರ್?" ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಒಂದು ಕಾಯಿಲೆಯ ಉದಾಹರಣೆಯ ಮೂಲಕ ಈ ಪಾಠದಲ್ಲಿ ತಿಳಿಯೋಣ.

ಕಾಯಿಲೆ ಯಾವುದು?

ಇದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ವೈದ್ಯರು ಚುಟುಕಾಗಿ ಎನ್.ಎಂ.ಓ. ಎನ್ನುತ್ತಾರೆ. ನಮ್ಮ ದೇಹದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಒಂದು ರಕ್ಷಣಾ ಶಕ್ತಿ ಇದೆ. ಕೆಲವರಲ್ಲಿ ಅದು ದಾರಿ ತಪ್ಪಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಸ್ವಂತ ದೇಹದ ಮೇಲೇ ಬೀಳುತ್ತದೆ. ಎನ್.ಎಂ.ಓ. ಕಾಯಿಲೆಯಲ್ಲಿ ಮುಖ್ಯವಾಗಿ ಕಣ್ಣಿನ ನರ ಮತ್ತು ಬೆನ್ನುಹುರಿಗೆ ಈ ಪೆಟ್ಟು ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಇದು ಅಂಟುರೋಗವಲ್ಲ. ಯಾರ ದೃಷ್ಟಿಯಿಂದಲೂ, ಶಾಪದಿಂದಲೂ ಬರುವಂಥದ್ದಲ್ಲ.

ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಒಂದು ದಿನ ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋವು. ಇಂಜೆಕ್ಷನ್ ಕೊಟ್ಟ ಮೇಲೆ ಸುಧಾರಿಸುತ್ತದೆ. "ಹುಷಾರಾದೆನಲ್ಲ" ಎಂದು ಅವರು ಮಾತ್ರೆ ಬಿಡುತ್ತಾರೆ. ಕೆಲವು ತಿಂಗಳ ನಂತರ ಎರಡೂ ಕಾಲು ಜೋಮು ಹಿಡಿದು ಶಕ್ತಿ ಹೋಗುತ್ತದೆ, ಮೂತ್ರ ಕಟ್ಟುತ್ತದೆ. ಕಣ್ಣಿಗೆ ಒಂದು ಆಸ್ಪತ್ರೆ, ಕಾಲಿಗೆ ಇನ್ನೊಂದು ಆಸ್ಪತ್ರೆ. ಎರಡೂ ಒಂದೇ ಕಾಯಿಲೆ ಎಂದು ಯಾರಿಗೂ ಹೊಳೆಯುವುದಿಲ್ಲ. ಕೆಲವರಿಗೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಬರುತ್ತದೆ. ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಕಾಲ ಕಳೆಯುವುದುಂಟು.

ಈ ಕಾಯಿಲೆಯ ದೊಡ್ಡ ಅಪಾಯವೆಂದರೆ ಅದು ಮರುಕಳಿಸುವುದು. ಪ್ರತಿ ಸಲ ಬಂದಾಗಲೂ ನರಕ್ಕೆ ಪೆಟ್ಟು ಬಿದ್ದು, ಸ್ವಲ್ಪ ಹಾನಿ ಹಾಗೇ ಉಳಿದುಬಿಡುತ್ತದೆ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 71 ರೋಗಿಗಳ ವಿವರ ಪ್ರಕಟಿಸಿದರು. ಕಾಯಿಲೆ ಮರುಕಳಿಸುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷದೊಳಗೆ ಒಂದು ಕಣ್ಣಿನ ದೃಷ್ಟಿಯನ್ನೋ, ಆಸರೆ ಇಲ್ಲದೆ ನಡೆಯುವ ಶಕ್ತಿಯನ್ನೋ ಕಳೆದುಕೊಂಡಿದ್ದರು. ಆಗ ಸರಿಯಾದ ಔಷಧಿಗಳ ತಿಳಿವಳಿಕೆ ಕಡಿಮೆ ಇತ್ತು. ಈಗ ಪರಿಸ್ಥಿತಿ ಬಹಳ ಸುಧಾರಿಸಿದೆ. ಸುಧಾರಿಸಿದ್ದು ಹೇಗೆ ಎಂಬುದೇ ಮುಂದಿನ ವಿಷಯ.

ಅವಲೋಕನ ಅಧ್ಯಯನ ಎಂದರೇನು?

ಹೊಸ ಔಷಧಿಯನ್ನು ಪರೀಕ್ಷಿಸುವ ಉತ್ತಮ ವಿಧಾನದಲ್ಲಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಬೇರೆ ಔಷಧಿ ಅಥವಾ ಔಷಧಿಯಂತೆ ಕಾಣುವ ಖಾಲಿ ಮಾತ್ರೆ ಕೊಟ್ಟು ಹೋಲಿಸುತ್ತಾರೆ. ಆದರೆ ಕಾಯಿಲೆ ಅಪರೂಪವಾದರೆ ಅಷ್ಟು ರೋಗಿಗಳು ಒಂದು ಕಡೆ ಸಿಗುವುದು ಕಷ್ಟ. ಕಣ್ಣು ಹೋಗಬಹುದಾದ ಕಾಯಿಲೆಯಲ್ಲಿ ಕೆಲವರನ್ನು ಔಷಧಿಯಿಲ್ಲದೆ ಬಿಡುವುದೂ ಸುಲಭದ ಮಾತಲ್ಲ.

ಅದಕ್ಕಾಗಿ ಇನ್ನೊಂದು ದಾರಿ ಇದೆ. ವೈದ್ಯರು ಮಾಮೂಲಿನಂತೆ ಚಿಕಿತ್ಸೆ ಕೊಡುತ್ತಾರೆ. ಯಾರಿಗೆ ಯಾವ ಔಷಧಿ, ಎಷ್ಟು ದಿನ, ಎಷ್ಟು ಸಲ ಕಾಯಿಲೆ ಮರುಕಳಿಸಿತು, ಏನು ತೊಂದರೆಯಾಯಿತು ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟು ಲೆಕ್ಕ ನೋಡುತ್ತಾರೆ. ಇದೇ ಅವಲೋಕನ ಅಧ್ಯಯನ. ಇಂಥ ದಾಖಲೆಗಳನ್ನು ಒಟ್ಟುಗೂಡಿಸಿದ ಪುಸ್ತಕಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ.

ಮಂಗಳೂರಿನ ಕೆಲಸ

ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ರಾಜ್ಯದ ಮಂಗಳೂರಿನಲ್ಲಿಯೇ ಇಂಥ ರಿಜಿಸ್ಟ್ರಿ ಇದೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರು ಮತ್ತು ಸಂಗಡಿಗರು ನಡೆಸಿಕೊಂಡು ಬಂದಿರುವ ಈ ರಿಜಿಸ್ಟ್ರಿಯಲ್ಲಿ ನರಗಳ ಮೇಲ್ಪೊರೆಗೆ ಹಾನಿಯಾಗುವ ಕಾಯಿಲೆಗಳ ರೋಗಿಗಳ ವಿವರ ದಾಖಲಾಗುತ್ತದೆ. ಅವರು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷ ಜನರಿಗೆ ಸುಮಾರು 2.6 ಮಂದಿ ಎನ್.ಎಂ.ಓ. ರೋಗಿಗಳಿದ್ದರು. ಒಬ್ಬೊಬ್ಬ ವೈದ್ಯರು ಕಾಣುವ ರೋಗಿಗಳು ಎಷ್ಟು ಕಡಿಮೆ, ಎಲ್ಲರ ವಿವರ ಒಂದೆಡೆ ಸೇರುವುದು ಎಷ್ಟು ಅಗತ್ಯ ಎಂಬುದು ಇದರಿಂದಲೇ ತಿಳಿಯುತ್ತದೆ.

ರೋಗ ಗುರುತಿಸುವುದಕ್ಕೂ ಇಂಥ ಕೆಲಸ ಬೇಕು. 1894ರಲ್ಲಿ ಫ್ರಾನ್ಸಿನ ಡೆವಿಕ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರಿಸಿದ್ದರು. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಇನ್ನೊಂದು ನರರೋಗದ ಒಂದು ಬಗೆ ಎಂದೇ ಹಲವರು ತಿಳಿದಿದ್ದರು. 2004ರಲ್ಲಿ ಈ ರೋಗಿಗಳ ರಕ್ತದಲ್ಲಿ ಒಂದು ವಿಶೇಷ ಪ್ರತಿಕಾಯ ಪತ್ತೆಯಾಯಿತು. ಅದು ಅಕ್ವಾಪೊರಿನ್-4 ಎಂಬ ಪ್ರೋಟೀನಿನ ಮೇಲೆ ಬೀಳುತ್ತದೆಂದು 2005ರಲ್ಲಿ ತಿಳಿಯಿತು. ಈಗ ರಕ್ತ ಪರೀಕ್ಷೆಯಿಂದ ಬಹುಪಾಲು ರೋಗಿಗಳಲ್ಲಿ ಕಾಯಿಲೆಯನ್ನು ಗುರುತಿಸಬಹುದು.

ಅವಲೋಕನ ಕಲಿಸಿದ್ದೇನು?

ಮೊದಲನೆಯದು, ಯಾವುದು ಕೆಲಸ ಮಾಡಬಹುದು ಎಂಬುದು. 1998ರಲ್ಲಿ ಅಮೆರಿಕದಲ್ಲಿ ಕೇವಲ 7 ರೋಗಿಗಳಿಗೆ ಅಜಾಥಯೋಪ್ರಿನ್ ಮತ್ತು ಸ್ಟಿರಾಯ್ಡ್ ಮಾತ್ರೆ ಕೊಟ್ಟು ನೋಡಿದ ವರದಿ ಬಂತು. 2005ರಲ್ಲಿ 8 ರೋಗಿಗಳಿಗೆ ರಿಟುಕ್ಸಿಮ್ಯಾಬ್ ಡ್ರಿಪ್ ಕೊಟ್ಟ ವರದಿ ಬಂತು. 2011ರಲ್ಲಿ ಅಜಾಥಯೋಪ್ರಿನ್ ಪಡೆದ 99 ರೋಗಿಗಳ ಲೆಕ್ಕ ಬಂತು. ಔಷಧಿ ಶುರುವಾದ ಮೇಲೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗಿತ್ತು. ಹೀಗೆ ಏಳು, ಎಂಟು, ತೊಂಬತ್ತೊಂಬತ್ತು ಎಂದು ಹನಿ ಹನಿಗೂಡಿ ಹಳ್ಳವಾಯಿತು.

ಎರಡನೆಯದು, ಯಾವುದು ಹಾನಿ ಮಾಡುತ್ತದೆ ಎಂಬುದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ ಇಂಜೆಕ್ಷನ್ನನ್ನು ಎನ್.ಎಂ.ಓ. ರೋಗಿಗಳಿಗೆ ಕೊಟ್ಟಾಗ ಕಾಯಿಲೆ ಉಲ್ಬಣಿಸುವುದನ್ನು ಜಪಾನ್ ಮತ್ತು ಬ್ರಿಟನ್ನಿನ ವೈದ್ಯರು ಗಮನಿಸಿ 2010ರಲ್ಲಿ ಎಚ್ಚರಿಸಿದರು. ಇದನ್ನು ತಿಳಿಯಲು ಯಾರನ್ನೂ ಪ್ರಯೋಗಕ್ಕೆ ಒಡ್ಡಲಿಲ್ಲ. ರೋಗಿಗಳ ಫೈಲನ್ನು ಶ್ರದ್ಧೆಯಿಂದ ನೋಡಿದ್ದರಿಂದಲೇ ತಿಳಿಯಿತು.

ಅದರ ಮಿತಿ

ಅವಲೋಕನವನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಹೊಲದ ಉದಾಹರಣೆ ನೋಡಿ. ಒಬ್ಬರು ಒಂದು ತಳಿಯ ಮೆಕ್ಕೆಜೋಳವನ್ನು ಭದ್ರಾ ನಾಲೆಯ ನೀರು ಬರುವ ಹೊಲಕ್ಕೆ ಬಿತ್ತಿದರು. ಇನ್ನೊಬ್ಬರು ಬೇರೆ ತಳಿಯನ್ನು ಮಳೆಯಾಶ್ರಿತ ಕೆಂಪು ಮಣ್ಣಿಗೆ ಬಿತ್ತಿದರು. ಮೊದಲನೆಯವರಿಗೆ ಇಳುವರಿ ಹೆಚ್ಚು ಬಂತು. ಅದು ಬೀಜದ ಗುಣವೋ, ನೀರಿನ ಗುಣವೋ? ಹೇಳಲಾಗದು. ಹಾಗೆಯೇ ಕಾಯಿಲೆ ಜೋರಾಗಿರುವವರಿಗೆ ವೈದ್ಯರು ಬಲವಾದ ಔಷಧಿ ಕೊಡುತ್ತಾರೆ, ಹಗುರವಾಗಿರುವವರಿಗೆ ಮಾತ್ರೆ ಕೊಡುತ್ತಾರೆ. ನಂತರ ಎರಡನ್ನೂ ನೇರ ಹೋಲಿಸಿದರೆ ಬಲವಾದ ಔಷಧಿಯೇ ಕೆಟ್ಟದ್ದು ಎಂದು ಕಾಣಬಹುದು.

ಇನ್ನೊಂದು ತೊಡಕು ಇದೆ. ಎನ್.ಎಂ.ಓ. ಕೆಲವೊಮ್ಮೆ ಎರಡು ಮೂರು ಸಲ ಒಟ್ಟೊಟ್ಟಿಗೆ ಬಂದು ಆಮೇಲೆ ತಾನಾಗಿಯೇ ಕೆಲ ಕಾಲ ಸುಮ್ಮನಿರುತ್ತದೆ. ಔಷಧಿ ಶುರು ಮಾಡುವುದು ಸಾಮಾನ್ಯವಾಗಿ ಜೋರಾಗಿದ್ದಾಗಲೇ. ಹಾಗಾಗಿ ನಂತರ ಕಂಡ ಸುಧಾರಣೆಯೆಲ್ಲ ಔಷಧಿಯಿಂದಲೇ ಎನ್ನಲಾಗದು. ಪಕ್ಕದ ಊರಿನವರು "ನನಗೆ ಈ ಪುಡಿಯಿಂದ ವಾಸಿಯಾಯಿತು" ಎಂದು ಹೇಳಿದಾಗಲೂ ಈ ಮಾತನ್ನು ನೆನಪಿಡಬೇಕು.

ಇದಕ್ಕಾಗಿಯೇ, ಸಾಧ್ಯವಾದಾಗ ಚೀಟಿ ಎತ್ತುವ ವಿಧಾನದಿಂದಲೂ ಪರೀಕ್ಷಿಸುತ್ತಾರೆ. ಜಪಾನಿನ 8 ಆಸ್ಪತ್ರೆಗಳಲ್ಲಿ 38 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸುಮಾರು ಒಂದೂವರೆ ವರ್ಷದಲ್ಲಿ ರಿಟುಕ್ಸಿಮ್ಯಾಬ್ ಪಡೆದ 19 ಜನರಲ್ಲಿ ಒಬ್ಬರಿಗೂ ಕಾಯಿಲೆ ಮರುಕಳಿಸಲಿಲ್ಲ. ಪಡೆಯದ 19 ಜನರಲ್ಲಿ 7 ಮಂದಿಗೆ ಮರುಕಳಿಸಿತು. 2005ರಲ್ಲಿ 8 ರೋಗಿಗಳ ಫೈಲು ಹೇಳಿದ್ದ ಮಾತು ಹದಿನೈದು ವರ್ಷದ ನಂತರ ಹೀಗೆ ಗಟ್ಟಿಯಾಯಿತು. 2019ರಿಂದ ಈಚೆಗೆ ಇನ್ನೂ ಕೆಲವು ಹೊಸ ಔಷಧಿಗಳು ಇಂಥ ಪರೀಕ್ಷೆಯಲ್ಲಿ ಗೆದ್ದಿವೆ. ಆದರೆ ಅವು ಬಹಳ ದುಬಾರಿ. ನಮ್ಮಂಥ ಕಡೆ ಅಜಾಥಯೋಪ್ರಿನ್, ಮೈಕೊಫೆನೊಲೇಟ್, ರಿಟುಕ್ಸಿಮ್ಯಾಬ್ ಇವೇ ಹೆಚ್ಚು ಬಳಕೆಯಲ್ಲಿವೆ.

ನೀವು ಮಾಡಬೇಕಾದದ್ದು

1. ಹುಷಾರಾದಿರೆಂದು ಔಷಧಿ ಬಿಡಬೇಡಿ. ಕಾಯಿಲೆ ಜೋರಾದಾಗ ಕೊಡುವ ಸ್ಟಿರಾಯ್ಡ್ ಡ್ರಿಪ್ ಆ ಹೊತ್ತಿನ ಬೆಂಕಿ ಆರಿಸುತ್ತದೆ. ಮತ್ತೆ ಬೆಂಕಿ ಹತ್ತದಂತೆ ಕಾಯುವುದು ದಿನನಿತ್ಯದ ಮಾತ್ರೆ ಅಥವಾ ಆರು ತಿಂಗಳಿಗೊಮ್ಮೆಯ ಡ್ರಿಪ್. ಅಜಾಥಯೋಪ್ರಿನ್ ಪೂರ್ತಿ ಕೆಲಸ ಮಾಡಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಸ್ಟಿರಾಯ್ಡ್ ಮಾತ್ರೆ ಜೊತೆಗಿರುತ್ತದೆ. ಸ್ಟಿರಾಯ್ಡನ್ನು ಏಕಾಏಕಿ ನಿಲ್ಲಿಸುವುದು ಜೀವಕ್ಕೇ ಅಪಾಯ.

2. ರಕ್ತ ಪರೀಕ್ಷೆ ತಪ್ಪಿಸಬೇಡಿ. ಈ ಔಷಧಿಗಳು ರಕ್ತಕಣಗಳನ್ನು ಕಡಿಮೆ ಮಾಡಬಹುದು. ಅಜಾಥಯೋಪ್ರಿನ್ ತೆಗೆದುಕೊಳ್ಳುವವರು ಲಿವರ್ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು. ರಿಟುಕ್ಸಿಮ್ಯಾಬ್ ಕೊಡುವ ಮೊದಲು ಕ್ಷಯ ಹಾಗೂ ಹೆಪಟೈಟಿಸ್-ಬಿ ಪರೀಕ್ಷೆ ಮಾಡಿಸುತ್ತಾರೆ. ಜ್ವರ, ಕೆಮ್ಮು ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಮುಗಿಸದೆ ವೈದ್ಯರಿಗೆ ತೋರಿಸಿ.

3. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ಹೇಳಿ. ಮೈಕೊಫೆನೊಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಹೆರಿಗೆಯ ನಂತರದ ಮೊದಲ ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ತವರಿಗೆ ಹೋಗುವಾಗ ಫೈಲು ಜೊತೆಗಿರಲಿ.

4. ಎಲ್ಲ ಕಾಗದ ಒಂದೇ ಫೈಲಿನಲ್ಲಿಡಿ. ಡಿಸ್ಚಾರ್ಜ್ ಕಾರ್ಡು, ಎಂ.ಆರ್.ಐ. ವರದಿ, ಪ್ರತಿಕಾಯದ ವರದಿ, ಔಷಧಿ ಚೀಟಿ ಎಲ್ಲವೂ ಇರಲಿ. ಒಂದು ನೋಟ್ ಪುಸ್ತಕದಲ್ಲಿ ಕಾಯಿಲೆ ಬಂದ ದಿನ, ಕಣ್ಣೋ ಕಾಲೋ, ಎಷ್ಟು ದಿನದಲ್ಲಿ ಸುಧಾರಿಸಿತು, ಯಾವ ಮಾತ್ರೆ ಯಾವಾಗ ಶುರು, ಯಾವಾಗ ಬದಲು ಎಂದು ಬರೆಯಿರಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಮಾತ್ರೆ ಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಯಾರೂ ಬೈಯುವುದಿಲ್ಲ. ಹೇಳದಿದ್ದರೆ ಒಳ್ಳೆಯ ಔಷಧಿಯನ್ನೇ ಕೆಲಸ ಮಾಡಲಿಲ್ಲವೆಂದು ಬದಲಿಸಬೇಕಾದೀತು.

5. ಆರಾಮಿದ್ದರೂ ಹೇಳಿದ ದಿನಕ್ಕೆ ಬನ್ನಿ. ಕೆಟ್ಟಾಗ ಮಾತ್ರ ಬಂದರೆ ಫೈಲಿನಲ್ಲಿ ಕೆಟ್ಟ ದಿನಗಳೇ ಉಳಿಯುತ್ತವೆ. ಔಷಧಿಯಿಂದ ನೀವು ಚೆನ್ನಾಗಿದ್ದ ಎರಡು ವರ್ಷ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅಧ್ಯಯನಕ್ಕೆ ಒಪ್ಪಿಗೆ ಕೇಳಿದರೆ

ಹೆದರಬೇಡಿ. ಅವಲೋಕನ ಅಧ್ಯಯನದಲ್ಲಿ ನಿಮ್ಮ ಔಷಧಿಯನ್ನು ಅಧ್ಯಯನಕ್ಕಾಗಿ ಬದಲಿಸುವುದಿಲ್ಲ, ವಿವರ ಬರೆದುಕೊಳ್ಳುತ್ತಾರೆ ಅಷ್ಟೆ. ಕೆಲವೊಮ್ಮೆ ಸ್ವಲ್ಪ ರಕ್ತ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೀತಿ ಸೂತ್ರಗಳ ಪ್ರಕಾರ ವಿಷಯವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ನಿಮ್ಮ ಗುರುತನ್ನು ಗುಟ್ಟಾಗಿಡಬೇಕು. ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ. ಒಪ್ಪಿದ ಮೇಲೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು. ಅರ್ಥವಾಗದ ಕಾಗದಕ್ಕೆ ಸಹಿಯನ್ನಾಗಲೀ ಹೆಬ್ಬೆಟ್ಟನ್ನಾಗಲೀ ಹಾಕಬೇಡಿ. ಓದಿ ಹೇಳಿಸಿಕೊಳ್ಳಿ, ಪ್ರಶ್ನೆ ಕೇಳಿ.

ಕೊನೆಯ ಮಾತು

ಕಣ್ಣು ಹಠಾತ್ತಾಗಿ ಮಂಜಾದರೆ, ಕಾಲುಗಳ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ, ಬಿಕ್ಕಳಿಕೆ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ನಾಳೆ ನೋಡೋಣ ಎನ್ನಬೇಡಿ. ಫೈಲು ತೆಗೆದುಕೊಂಡು ಅದೇ ದಿನ ಹತ್ತಿರದ ಆಸ್ಪತ್ರೆಗೆ ಬನ್ನಿ. ನರರೋಗ ತಜ್ಞರ ಬಳಿ ಕಳಿಸಬೇಕಾದರೆ ಅಲ್ಲಿಂದಲೇ ಚೀಟಿ ಕೊಡುತ್ತಾರೆ. ಚಿಕಿತ್ಸೆ ಬೇಗ ಸಿಕ್ಕಷ್ಟೂ ದೃಷ್ಟಿ, ನಡಿಗೆ ಉಳಿಯುವ ಸಂಭವ ಹೆಚ್ಚು.

"ಈ ಮಾತ್ರೆಯಿಂದ ಗುಣ ಕಾಣುತ್ತದೆಂದು ಹೇಗೆ ಗೊತ್ತು?" ಎಂಬ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ನಿಮ್ಮಂಥ ಎಷ್ಟೋ ರೋಗಿಗಳು ತಪ್ಪದೆ ಆಸ್ಪತ್ರೆಗೆ ಬಂದರು, ಇದ್ದದ್ದನ್ನು ಇದ್ದಂತೆ ಹೇಳಿದರು, ವೈದ್ಯರು ಅದನ್ನು ಬರೆದಿಟ್ಟರು. ಅವರ ಫೈಲು ಇಂದು ನಿಮಗೆ ದಾರಿ ತೋರಿಸುತ್ತಿದೆ. ನಿಮ್ಮ ಫೈಲು ನಾಳೆ ಇನ್ನೊಬ್ಬ ತಾಯಿಯ ಕಣ್ಣು ಉಳಿಸಬಹುದು.