ತೆಂಗಿನ ತುದಿಗೆ ನೀರು ಏರುವುದು ಹೇಗೆ?

ಕಳೆದ ಕಿರುಪರೀಕ್ಷೆಯಲ್ಲಿ ‘ಎತ್ತರದ ಮರದಲ್ಲಿ ನೀರು ಹೇಗೆ ಮೇಲೇರುತ್ತದೆ?’ ಎಂದು ಕೇಳಿದ್ದೆ. ಹೆಚ್ಚಿನವರು ‘ಬೇರು ನೀರನ್ನು ಮೇಲಕ್ಕೆ ತಳ್ಳುತ್ತದೆ’ ಎಂದು ಬರೆದಿದ್ದರು. ಪೂರ್ತಿ ತಪ್ಪಲ್ಲ, ಆದರೆ ಪೂರ್ಣ ಅಂಕ ಕೊಡುವಂತೆಯೂ ಇಲ್ಲ.

ಬೇರೊತ್ತಡ ಇರುವುದು ನಿಜ. ಮಳೆಗಾಲದ ಮುಂಜಾನೆ ಕೆಸುವಿನ ಎಲೆಯ ತುದಿಯಲ್ಲಿ ತೂಗುವ ಹನಿ ಅನೇಕ ಸಲ ಇಬ್ಬನಿಯಲ್ಲ, ಬೇರು ತಳ್ಳಿದ ನೀರು. ಪಠ್ಯದಲ್ಲಿ ಓದಿದ ಗಟೇಶನ್ ಇದೇ. ಆದರೆ 20 ಮೀಟರ್ ಎತ್ತರದ ತೆಂಗಿಗೆ ಈ ಒತ್ತಡ ಸಾಲದು. ಅದಲ್ಲದೆ, ನೀರು ಹೆಚ್ಚು ಬೇಕಾಗುವ ಮಧ್ಯಾಹ್ನದ ಬಿಸಿಲಿನಲ್ಲೇ ಅದು ಕಾಣೆಯಾಗುತ್ತದೆ! ಇನ್ನು ಕೆಲವರು ಕ್ಯಾಪಿಲರಿ ಕ್ರಿಯೆ ಎಂದು ಬರೆದಿದ್ದೀರಿ. ಭೌತಶಾಸ್ತ್ರದ ಸೂತ್ರ ಹಾಕಿ ನೋಡಿ: 15 ಮೈಕ್ರೋಮೀಟರ್ ತ್ರಿಜ್ಯದ ನಾಳದಲ್ಲಿ ನೀರು ಸುಮಾರು 1 ಮೀಟರ್ ಏರಿ ನಿಂತುಬಿಡುತ್ತದೆ.

ಹಾಗಾದರೆ ಜೀವಕೋಶಗಳೇ ಪಂಪಿನಂತೆ ಎತ್ತುತ್ತವೆಯೇ? ನಮ್ಮ ಜಗದೀಶ್ ಚಂದ್ರ ಬೋಸ್ ಅವರು 1923ರಲ್ಲಿ ಹಾಗೆಯೇ ವಾದಿಸಿದರು. ಕಾಂಡದ ಜೀವಂತ ಕೋಶಗಳ ಮಿಡಿತವೇ ಕಾರಣ ಎಂದರು. ಆದರೆ ಅದಕ್ಕೂ ಮೊದಲೇ ಜರ್ಮನಿಯ ಸ್ಟ್ರಾಸ್‌ಬರ್ಗರ್ ಕಡಿದ ಮರಗಳಿಗೆ ವಿಷದ್ರಾವಣ ಕುಡಿಸಿ ನೋಡಿದ್ದರು. ಕಾಂಡದ ಕೋಶಗಳು ಸತ್ತರೂ ದ್ರಾವಣ ಏರುತ್ತಲೇ ಇತ್ತು. ಬೋಸರ ಮೇಲೆ ಎಷ್ಟೇ ಅಭಿಮಾನವಿದ್ದರೂ ಇಲ್ಲಿ ಪ್ರಯೋಗದ ಮಾತನ್ನೇ ಒಪ್ಪಬೇಕು.

1894ರಲ್ಲಿ ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ ಕೊಟ್ಟ ಉತ್ತರವೇ ಇಂದಿಗೂ ನಿಂತಿದೆ. ನೀರನ್ನು ಎಳೆಯುವುದು ಎಲೆ. ಪತ್ರರಂಧ್ರಗಳ ಮೂಲಕ ಆವಿ ಹೊರಹೋದಂತೆ ಎಲೆಯೊಳಗಿನ ಒದ್ದೆ ಕೋಶಭಿತ್ತಿಗಳು ಪಕ್ಕದ ಕೋಶದಿಂದ ನೀರು ಸೆಳೆಯುತ್ತವೆ. ಆ ಸೆಳೆತ ಕ್ಸೈಲಂ ನಾಳಕ್ಕೆ ತಲುಪುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಇದು ಕೊಹೆಶನ್. ನಾಳದ ಗೋಡೆಗೂ ಅಂಟಿಕೊಂಡಿರುತ್ತವೆ, ಇದು ಅಡೆಶನ್. ಹಾಗಾಗಿ ತುದಿಯಲ್ಲಿ ಎಳೆದರೆ ಬಾವಿಯ ಹಗ್ಗದಂತೆ ಬೇರಿನವರೆಗಿನ ಇಡೀ ನೀರಿನ ಕಂಬವೇ ಮೇಲೆ ಬರುತ್ತದೆ. ನಾಳದ ಕೋಶಗಳು ಸತ್ತಿರುವುದು ಇಲ್ಲಿ ಅನುಕೂಲವೇ, ದಾರಿ ಖಾಲಿ. ಎಲೆಗೆ ಬಂದ ನೀರಿನಲ್ಲಿ ದ್ಯುತಿಸಂಶ್ಲೇಷಣೆಗೂ ಬೆಳವಣಿಗೆಗೂ ಬಳಕೆಯಾಗುವುದು ಶೇ. 1ಕ್ಕಿಂತ ಕಡಿಮೆ.

ಇದು ತಿಳಿಯದೆ ನಾನೇ ಒಮ್ಮೆ ಮೆಣಸಿನ ಸಸಿಗಳನ್ನು ಹಾಳು ಮಾಡಿದ್ದೇನೆ. ಮಧ್ಯಾಹ್ನ ಕಿತ್ತು, ಮಣ್ಣು ಕೊಡವಿ ನೆಟ್ಟೆ. ಬುಡಕ್ಕೆ ಧಾರಾಳ ನೀರು ಹೊಯ್ದರೂ ಸಂಜೆಗೆ ಎಲ್ಲವೂ ಜೋತುಬಿದ್ದವು. ಕೀಳುವಾಗ ಬೇರುರೋಮಗಳು ಹರಿದಿದ್ದವು. ಎಲೆಗಳು ಮಾತ್ರ ಎಳೆಯುತ್ತಲೇ ಇದ್ದವು. ವನಮಹೋತ್ಸವದ ಸಸಿಗಳನ್ನು ಬುಡದ ಮಣ್ಣು ಉದುರದಂತೆ, ಸಂಜೆ ಹೊತ್ತಿನಲ್ಲಿ ನೆಡಿ.

ಒಂದು ಚಿಕ್ಕ ಪ್ರಯೋಗ: ಅಂಗಳದ ಬಾದಾಮಿ ಮರದ ಎಲೆಯಿರುವ ಕೊಂಬೆಯೊಂದಕ್ಕೆ, ಎಲೆ ಕಿತ್ತ ಕೊಂಬೆಯೊಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ. ಎರಡು ಗಂಟೆ ಬಿಟ್ಟು ನೋಡಿ, ಎರಡರಲ್ಲಿ ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ತನ್ನಿ.