ಬೇಸರವೂ ಹಳೆಯ ಆಲೋಚನೆಯೂ

ಖಿನ್ನತೆಯಿಂದ ಗುಣಮುಖರಾದವರು ಎಲ್ಲರಂತೆಯೇ ತಮ್ಮ ಕಾಯಕದಲ್ಲಿ ತೊಡಗಿರುತ್ತಾರೆ. ಮನಸ್ಸು ತಿಳಿಯಾಗಿರುವಾಗ ಅವರ ಆಲೋಚನೆಯೂ ಉಳಿದವರಂತೆಯೇ ಇರುತ್ತದೆ. ವ್ಯತ್ಯಾಸ ಕಾಣುವುದು ಬೇಸರದ ದಿನದಲ್ಲಿ. ಬೆಳೆ ಕೈಕೊಟ್ಟಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ನಾವೆಲ್ಲರೂ ನೊಂದುಕೊಳ್ಳುತ್ತೇವೆ. ಆದರೆ ಖಿನ್ನತೆಯನ್ನು ಅನುಭವಿಸಿದವರಲ್ಲಿ ಅದೇ ಬೇಸರವು ‘ನಾನು ಯಾವುದಕ್ಕೂ ಬಾರದವನು’, ‘ಇನ್ನೇನೂ ಸರಿಹೋಗದು’ ಎಂಬ ಹಳೆಯ ಆಲೋಚನೆಗಳನ್ನು ಎಬ್ಬಿಸಬಲ್ಲದು. ಬೇಸರವು ಆಲೋಚನೆಯನ್ನೂ ಆಲೋಚನೆಯು ಬೇಸರವನ್ನೂ ಬೆಳೆಸುತ್ತ ಹೋದರೆ ರೋಗವು ಮರುಕಳಿಸಬಹುದು. ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಟೀಸ್‌ಡೇಲ್ ಅವರು 1988ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು.

ಕೆನಡಾದ ಜಿಂಡೆಲ್ ಸೀಗಲ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಮುಖರಾದವರಿಗೆ ನಿಧಾನಗೊಳಿಸಿದ ಶೋಕಸಂಗೀತವನ್ನು ಕೇಳಿಸಿ, ದುಃಖದ ನೆನಪೊಂದನ್ನು ತಂದುಕೊಳ್ಳುವಂತೆ ಹೇಳಲಾಯಿತು. ಆ ಹೊತ್ತಿನಲ್ಲಿ ಯಾರ ಆಲೋಚನೆ ಹೆಚ್ಚು ನಕಾರಾತ್ಮಕವಾಯಿತೋ ಅವರಲ್ಲಿ ಮುಂದಿನ 18 ತಿಂಗಳುಗಳಲ್ಲಿ ರೋಗ ಮರುಕಳಿಸುವ ಸಂಭವವೂ ಹೆಚ್ಚಾಗಿತ್ತು.

ಹಾಗಾದರೆ ಬೇಸರವೇ ಬಾರದಂತೆ ಬದುಕಬೇಕೇ? ಅದು ಯಾರಿಗೂ ಸಾಧ್ಯವಿಲ್ಲ. ಬೇಸರ ಬಂದಿತೆಂದರೆ ರೋಗ ಮರಳಿತೆಂದಲ್ಲ. ಅದು ಭಕ್ತಿಯ ಕೊರತೆಯೂ ಅಲ್ಲ. ಇಷ್ಟಲಿಂಗಪೂಜೆಗೆ ಕುಳಿತಾಗ ಮನಸ್ಸು ಅತ್ತಿತ್ತ ಹರಿದರೆ, ಅದನ್ನು ಜರಿಯದೆ ದೃಷ್ಟಿಯನ್ನು ಮರಳಿ ಅಂಗೈಯ ಲಿಂಗದಲ್ಲಿ ನಿಲ್ಲಿಸುತ್ತೇವಷ್ಟೆ. ಹಳೆಯ ಆಲೋಚನೆ ಬಂದಾಗಲೂ ಹಾಗೆಯೇ ಮಾಡಬೇಕು. ‘ಇದು ಬೇಸರ ಆಡಿಸುವ ಮಾತು, ನನ್ನ ನಿಜವಲ್ಲ’ ಎಂದು ಗುರುತಿಸಿ, ವಾದಕ್ಕಿಳಿಯದೆ ಕೈಯಲ್ಲಿರುವ ಕಾಯಕಕ್ಕೆ ಮರಳಬೇಕು. ಆಲೋಚನೆಯನ್ನು ಆಲೋಚನೆಯೆಂದೇ ಕಾಣುವ ಈ ಅಭ್ಯಾಸವನ್ನು ಟೀಸ್‌ಡೇಲ್, ಸೀಗಲ್ ಮತ್ತು ಮಾರ್ಕ್ ವಿಲಿಯಮ್ಸ್ ಅವರು ಎಂಟು ವಾರಗಳ ತರಬೇತಿಯಾಗಿ ರೂಪಿಸಿದ್ದಾರೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಖಿನ್ನತೆಗೆ ಒಳಗಾದವರಿಗೆ ಅದರಿಂದ ಪ್ರಯೋಜನವಾದುದು 2000ನೆಯ ಇಸವಿಯ ಅಧ್ಯಯನದಲ್ಲಿ ಕಂಡುಬಂದಿತು.

ಪೂಜೆ, ಧ್ಯಾನಗಳು ಚಿಕಿತ್ಸೆಗೆ ಬದಲಿಯಲ್ಲ. ಮನಸ್ಸು ಹಗುರವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆಗಳನ್ನು ನಿಲ್ಲಿಸಬಾರದು. ನಿದ್ರೆ, ಹಸಿವು, ಆಸಕ್ತಿಗಳು ಎರಡು ವಾರ ಕುಂದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾವಿನ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಾದ ನಾವು ‘ಮತ್ತೆ ಶುರುವಾಯಿತೇ?’ ಎಂದು ಕೇಳುವುದನ್ನು ಬಿಟ್ಟು, ಹತ್ತಿರ ಕುಳಿತು ಅವರ ಮಾತಿಗೆ ಕಿವಿಗೊಡೋಣ. ಅದೂ ದಾಸೋಹವೇ.