ಬೆರಳಚ್ಚು ಕೊಟ್ಟವರಿಗೆ ರಕ್ಷಣೆ ಏನು?

ಅಗತ್ಯ ದಾಖಲೆಗಳಿಲ್ಲದೆ ಒಂದು ದೇಶದಲ್ಲಿ ನೆಲೆಸಿರುವವರನ್ನು ದಾಖಲೆರಹಿತ ವಲಸಿಗರು ಎನ್ನುತ್ತೇವೆ. ಅವರಿಗೆ ಕಾನೂನಿನ ಮಾನ್ಯತೆ ಕೊಡುವ ಮೊದಲು ಸರ್ಕಾರ ಹಿನ್ನೆಲೆ ಪರಿಶೀಲಿಸುತ್ತದೆ. ಅಮೆರಿಕದ ಮೂರು ಉದಾಹರಣೆಗಳನ್ನು ನೋಡೋಣ.

1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯಡಿ ಸುಮಾರು 27 ಲಕ್ಷ ಜನ ಮಾನ್ಯತೆ ಪಡೆದರು. ಒಂದು ಗಂಭೀರ ಅಪರಾಧ ಅಥವಾ ಮೂರು ಸಣ್ಣ ಅಪರಾಧಗಳು ಸಾಬೀತಾಗಿದ್ದವರಿಗೆ ಅವಕಾಶವಿರಲಿಲ್ಲ.

2013ರ ಜೂನ್ 27ರಂದು ಸೆನೆಟ್ 68–32 ಮತಗಳಿಂದ ಇನ್ನೊಂದು ಮಸೂದೆಯನ್ನು ಅಂಗೀಕರಿಸಿತು. ಅದರಂತೆ ಅರ್ಜಿದಾರರು ಬೆರಳಚ್ಚು ಕೊಡಬೇಕಿತ್ತು. ಅಪರಾಧ ಮತ್ತು ರಾಷ್ಟ್ರೀಯ ಭದ್ರತೆಯ ದಾಖಲೆಗಳೊಂದಿಗೆ ಹೋಲಿಸಿ ನೋಡಿದ ಮೇಲಷ್ಟೇ ತಾತ್ಕಾಲಿಕ ಮಾನ್ಯತೆ. ಬಾಕಿ ತೆರಿಗೆ, ದಂಡ ಬೇರೆ. ಆದರೆ ಕೆಳಮನೆ ಅದನ್ನು ಮತಕ್ಕೆ ಹಾಕಲೇ ಇಲ್ಲ.

ಇಲ್ಲೊಂದು ಮುಖ್ಯ ಪ್ರಶ್ನೆಯಿದೆ. ಇಷ್ಟು ದಿನ ಅಡಗಿ ಬದುಕಿದವರು ತಾವಾಗಿಯೇ ಹೆಸರು, ವಿಳಾಸ, ಬೆರಳಚ್ಚು ಒಪ್ಪಿಸಬೇಕು. ಅರ್ಜಿ ತಿರಸ್ಕೃತವಾದರೆ ಅದೇ ವಿವರ ಹಿಡಿದು ಅವರನ್ನು ಗಡೀಪಾರು ಮಾಡಬಹುದೇ? 1986ರ ಕಾಯ್ದೆ ಗೌಪ್ಯತೆಯ ಭರವಸೆಯನ್ನು ಕಾನೂನಿನಲ್ಲಿಯೇ ಬರೆದಿತ್ತು. ವಂಚನೆಯಂಥ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರ ಗಡೀಪಾರನ್ನು ಮುಂದೂಡುವ 2012ರ ‘ಡಾಕಾ’ ಯೋಜನೆಗೂ ಬೆರಳಚ್ಚು ಕೊಡಬೇಕು. ಆದರೆ ಅಲ್ಲಿ ಗೌಪ್ಯತೆ ಆರಂಭದಲ್ಲಿ ಸರ್ಕಾರದ ನೀತಿ ಮಾತ್ರವಾಗಿತ್ತು. ಸಂಸತ್ತು ಮಾಡಿದ ಕಾಯ್ದೆಯನ್ನು ಸಂಸತ್ತೇ ತಿದ್ದಬೇಕು. ನೀತಿಯನ್ನು ಸರ್ಕಾರ ತಾನೇ ಬದಲಿಸಬಹುದು.

ಪರಿಶೀಲನೆ ದೇಶದ ಸುರಕ್ಷತೆಗೆ ಬೇಕು. ನಂಬಿ ಮುಂದೆ ಬಂದವರಿಗೆ ಕಾನೂನಿನ ಆಸರೆಯೂ ಬೇಕು. ಎರಡನ್ನೂ ಒಂದೇ ಕಾಯ್ದೆಯಲ್ಲಿ ಹೇಗೆ ಬರೆಯಬಹುದು? ತರಗತಿಯಲ್ಲಿ ಚರ್ಚಿಸಿ.